ಗೊಣಗದ ಲೋಳೆಸರ

ಒಂದಾನೊಂದು ಊರಿನಲ್ಲಿ ಮೂರು ಬೀದಿಗಳಿದ್ದವು, ಮೂರಕ್ಕೂ ಬೇರೆ ಬೇರೆ ಹವೆ. ಮೊದಲನೆಯ ಬೀದಿಯಲ್ಲಿ ಯಾವಾಗಲೂ ಬಿಸಿಲು. ಎರಡನೆಯದರಲ್ಲಿ ಯಾವಾಗಲೂ ಮಳೆ. ಮೂರನೆಯದರಲ್ಲಿ ಯಾವಾಗಲೂ ಚಳಿ. ಬಿಸಿಲುಬೀದಿಯವರು ಮಳೆಬೀದಿಗೆ ಹೆಣ್ಣು ಕೊಟ್ಟರೆ ಮದುಮಗಳ ಕೈಗೆ ಒಂದು ಕೊಡೆ ಕೊಟ್ಟು ಕಳಿಸುತ್ತಿದ್ದರು. ಚಳಿಬೀದಿಗೆ ಕೊಟ್ಟರೆ ಕಂಬಳಿ ಹೊದಿಸಿ ಕಳಿಸುತ್ತಿದ್ದರು. ಬೀದಿಯಿಂದ ಬೀದಿಗೆ ನೂರು ಹೆಜ್ಜೆ. ನೂರು ಹೆಜ್ಜೆಯಲ್ಲಿ ಹವೆ ಹೇಗೆ ಬದಲಾಗುತ್ತದೆ ಎಂದು ನೀವು ಕೇಳಬಹುದು. ಕೇಳಬೇಡಿ. ಆ ಊರಿನವರೂ ಕೇಳುತ್ತಿರಲಿಲ್ಲ.

ಮೂರು ಬೀದಿ ಕೂಡುವ ಕಡೆ ಅರಮನೆ. ಅದಕ್ಕೆ ಮೂರು ಬಾಗಿಲು. ಒಳಗೆ ಗೊರವಂಕರಾಯ ಎಂಬ ಅರಸ. ಅವನಿಗೆ ಸೈನ್ಯ ಇರಲಿಲ್ಲ, ಆನೆ ಇರಲಿಲ್ಲ, ಹಗೆಗಳೂ ಇರಲಿಲ್ಲ. ಇದ್ದದ್ದು ಹವೆ ಒಂದೇ. ಬಿಸಿಲು ಅರಸನದು, ಮಳೆ ಅರಸನದು, ಚಳಿ ಅರಸನದು. ತಾತನ ಕಾಲದಿಂದ ಬಂದದ್ದು.

ಹವೆ ತನ್ನದು ಎಂದು ಅರಸನಿಗೆ ಖಾತ್ರಿಯಾಗುವುದು ಹೇಗೆ? ಅದಕ್ಕೊಂದು ಪದ್ಧತಿ ಇತ್ತು. ದಿನಾ ಬೆಳಿಗ್ಗೆ ಮನೆಯಲ್ಲಿ ಜೀವ ಇರುವವರೆಲ್ಲ ಹೊಸ್ತಿಲಿಗೆ ಬಂದು ನಿಂತು ಹವೆಯ ಮೇಲೆ ಗೊಣಗಬೇಕು. ಮಂತ್ರಿ ಬೊಮ್ಮರಸ ಕೊಡೆ ಕಂಕುಳಲ್ಲಿ ಇಟ್ಟುಕೊಂಡು, ಕಂಬಳಿ ಹೆಗಲಿಗೆ ಹಾಕಿಕೊಂಡು, ಮೂರು ಬೀದಿ ಸುತ್ತಿ ಕೇಳಿಕೊಂಡು ಬರುತ್ತಿದ್ದ. ಎಮ್ಮೆ ಬುಸುಗುಟ್ಟಿದರೂ ಗೊಣಗಿದಂತೆಯೇ. ಕೋಳಿ ರೆಕ್ಕೆ ಕೊಡವಿದರೂ ನಡೆಯುತ್ತಿತ್ತು. ಆಮೇಲೆ ಮಂತ್ರಿ ಅರಮನೆಗೆ ಹೋಗುತ್ತಿದ್ದ.

"ಜನ ಬೇಸರದಲ್ಲಿದ್ದಾರಾ?" ಎಂದು ಅರಸ ಕೇಳುತ್ತಿದ್ದ.

"ಬಹಳ ಬೇಸರದಲ್ಲಿದ್ದಾರೆ ಮಹಾಸ್ವಾಮಿ."

"ಸಂತೋಷ," ಎಂದು ಅರಸ ತಿಂಡಿಗೆ ಕೂರುತ್ತಿದ್ದ.

ಬಿಸಿಲುಬೀದಿಯ ಕೊನೆಯ ಮನೆ ಗುಜ್ಜವ್ವನದು. ಅವಳು ಉದ್ದಿನ ಹಪ್ಪಳ ಮಾಡಿ ಒಣಗಿಸಿ ಮಾರುವವಳು. ಹಪ್ಪಳದವಳಿಗೆ ಬಿಸಿಲಿನ ಮೇಲೆ ಏನು ದೂರು ಇರುತ್ತದೆ? ಏನೂ ಇರಲಿಲ್ಲ. ಆದರೂ ದಿನಾ ಹೊಸ್ತಿಲಿಗೆ ಬಂದು, "ಏನು ಬಿಸಿಲೋ ಏನೋ, ತಲೆ ಸಿಡಿದು ಹೋಗುತ್ತಿದೆ," ಎಂದು ಹೇಳಿ ಒಳಗೆ ಹೋಗಿ ಹಿಟ್ಟು ಕುಟ್ಟುತ್ತಿದ್ದಳು. ಅವಳ ಗಂಡ ಬಡಗಿ. ಮನೆಯ ಬಾಗಿಲು ಅವನೇ ಮಾಡಿದ್ದು. ಬಾಗಿಲು ನಿಲ್ಲಿಸಿದ ದಿನ ಯಾರ ಕಣ್ಣೂ ಬೀಳದಿರಲಿ ಎಂದು ಒಂದು ಲೋಳೆಸರದ ಗಿಡ ತಂದು, ಬೇರು ಮೇಲೆ ಎಲೆ ಕೆಳಗೆ ಮಾಡಿ, ಬಾಗಿಲ ನೆತ್ತಿಗೆ ಕಟ್ಟಿದ್ದ. ಮರುವರ್ಷ ತೀರಿಕೊಂಡ. ಬಾಗಿಲು ಉಳಿಯಿತು, ಗಿಡ ತೂಗುತ್ತಾ ಉಳಿಯಿತು. ಗುಜ್ಜವ್ವ ಹಪ್ಪಳ ಲಟ್ಟಿಸುತ್ತಾ ಆ ಗಿಡದ ಜೊತೆಗೇ ಮಾತಾಡುತ್ತಿದ್ದಳು. ಅದು ಉತ್ತರ ಕೊಡುತ್ತಿತ್ತೋ ಇಲ್ಲವೋ, ಬೀದಿಯವರು ಗಮನಿಸಿರಲಿಲ್ಲ.

ಒಂದು ದಿನ ಮಂತ್ರಿ ಗೊಣಗು ಕೇಳಿಕೊಂಡು ಹೊಸ್ತಿಲ ಹತ್ತಿರ ನಿಂತಾಗ ಅವನ ಪೇಟಕ್ಕೆ ಏನೋ ತಗುಲಿತು. ತಲೆ ಎತ್ತಿ ನೋಡಿದ. ಲೋಳೆಸರ ಉದ್ದಕ್ಕೆ ಒಂದು ದಂಟು ಬಿಟ್ಟಿತ್ತು. ದಂಟಿನ ತುದಿಯಲ್ಲಿ ಹಳದಿ ಹೂ.

"ಇದೇನಮ್ಮ?"

"ಲೋಳೆಸರ. ನಮ್ಮ ಯಜಮಾನರು ಕಟ್ಟಿದ್ದು."

"ಒಣಗಿದ್ದು ಅಂದುಕೊಂಡಿದ್ದೆ."

"ನಾನೂ ಒಂದೆರಡು ವರ್ಷ ಹಾಗೇ ಅಂದುಕೊಂಡಿದ್ದೆ."

"ಮಣ್ಣು?"

"ಇಲ್ಲ."

"ನೀರು?"

"ಹಾಕಿಲ್ಲ."

"ಮತ್ತೆ ಏನು ತಿಂದು ಬದುಕಿದೆ?"

"ಎಲೆಯೊಳಗೆ ಒಂದಿಷ್ಟು ನೀರು ಇಟ್ಟುಕೊಂಡಿದೆ. ತನ್ನನ್ನು ತಾನೇ ಚೂರು ಚೂರು ತಿನ್ನುತ್ತೆ ಅಂತ ಕಾಣುತ್ತೆ."

ಮಂತ್ರಿ ಯೋಚಿಸಿದ. ಹೂ ಬಿಟ್ಟಿದೆ ಎಂದರೆ ಜೀವ ಇದೆ. ಜೀವ ಇದೆ ಎಂದರೆ ಗೊಣಗಬೇಕು. ಇಷ್ಟು ವರ್ಷ ಗೊಣಗಿಲ್ಲ. ಅವನಿಗೆ ಬೆವರು ಬಂತು.

"ಏ ಲೋಳೆಸರ, ಬಿಸಿಲು ಹೇಗಿದೆ?"

ಗಿಡ ಸ್ವಲ್ಪ ತೂಗಿತು. "ಇರಲಿ," ಎಂದಿತು.

ಮರುದಿನ ಗುಜ್ಜವ್ವನೂ ಗಿಡವೂ ಅರಮನೆಯಲ್ಲಿ. ಅರಸ ಕೇಳಿದ: "ಮನೆಗೆ ಬಾಗಿಲು ಯಾಕೆ?"

"ಹವೆ ಒಳಗೆ ಬರದಿರಲಿ ಅಂತ ಬುದ್ಧಿ," ಎಂದಳು ಗುಜ್ಜವ್ವ.

"ಹವೆ ಬಂದರೆ ಬೇಸರ ಇಲ್ಲದವರಿಗೆ?"

ಗುಜ್ಜವ್ವ ಗಿಡದ ಕಡೆ ನೋಡಿದಳು.

"ಬಾಗಿಲು ಬೇಡ," ಎಂದು ಅರಸನೇ ಉತ್ತರ ಹೇಳಿಕೊಂಡ. "ಗೊಣಗದ ಜೀವ ಇರುವ ಮನೆಗೆ ಬಾಗಿಲು ಬೇಡ. ಆದರೂ ನಾನು ಕಟುಕನಲ್ಲ. ಮೂರು ತಿಂಗಳು ಕೊಡುತ್ತೇನೆ. ಮೂರು ಬೀದಿ, ಬೀದಿಗೊಂದು ತಿಂಗಳು. ಗಿಡ ಯಾವ ಬೀದಿಯಲ್ಲಾದರೂ ಗೊಣಗಿದರೆ ಗಿಡ ನಿನ್ನದು, ಬಾಗಿಲು ನಿನ್ನದು. ಗೊಣಗದಿದ್ದರೆ ಗಿಡ ಊರ ಗಡಿಯಾಚೆಗೆ, ಬಾಗಿಲು ಅರಮನೆಗೆ."

"ಅರಮನೆಗೆ ಮೂರು ಬಾಗಿಲಿದೆಯಲ್ಲ ಬುದ್ಧಿ."

"ನಾಲ್ಕನೆಯದೂ ಇರಲಿ," ಎಂದ ಅರಸ. ಎಂದವನು ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡ. ಮಂತ್ರಿ ಕೆಮ್ಮಿದ. ಯಾರೂ ಕೇಳಿಸಿಕೊಳ್ಳಲಿಲ್ಲ ಎಂದು ಎಲ್ಲರೂ ತೀರ್ಮಾನ ಮಾಡಿದರು.

ಹೂಂ ಅನ್ನಿ. ಹೂಂ ಅನ್ನದಿದ್ದರೆ ಕತೆ ಅಲ್ಲೇ ಅರಮನೆಯಲ್ಲಿ ನಿಂತುಬಿಡುತ್ತದೆ.

ಮೊದಲ ತಿಂಗಳು ಬಿಸಿಲುಬೀದಿಯಲ್ಲೇ, ನಡುಬೀದಿಯಲ್ಲಿ ಒಂದು ಕಂಬ ನೆಟ್ಟು, ನೆರಳಿಲ್ಲದ ಹಾಗೆ ಕಟ್ಟಿದರು. ಗಿಡ ಸೊರಗಿತು. ಎಲೆಯ ಅಂಚು ಒಳಗೆ ಮಡಚಿಕೊಂಡಿತು. ಮೈಯೆಲ್ಲ ಇಟ್ಟಿಗೆಯ ಹಾಗೆ ಕೆಂಪಾಯಿತು. ಮಂತ್ರಿ ಓಡಿಹೋಗಿ, "ಮಹಾಸ್ವಾಮಿ, ಕೆಂಪಾಗಿದೆ, ಕೋಪ ಬಂದಿದೆ," ಎಂದ. ಅರಸ ಓಡಿ ಬಂದ.

"ಹೇಗಿದೆ?"

"ಇರಲಿ."

ಅರಮನೆಯ ವೈದ್ಯರು ಬಂದು ಎಲೆಗೆ ಕಿವಿ ಇಟ್ಟು ಕೇಳಿದರು. ಇದು ಹಗಲೆಲ್ಲ ಉಸಿರು ಬಿಗಿಹಿಡಿದಿರುತ್ತದೆ, ಹೊತ್ತು ಮುಳುಗಿದ ಮೇಲೆ ಬಿಡುತ್ತದೆ ಎಂದರು. "ಹಾಗಾದರೆ ಗೊಣಗನ್ನೂ ಒಳಗೇ ಹಿಡಿದಿಟ್ಟುಕೊಂಡಿದೆ," ಎಂದ ಅರಸ. "ಕಾಯೋಣ." ಕಾದರು. ತಿಂಗಳು ಮುಗಿಯಿತು.

ಎರಡನೆಯ ತಿಂಗಳು ಮಳೆಬೀದಿ. ಅಲ್ಲಿ ಮಳೆಗೆ ತಲೆಯ ಮೇಲೆ ಹಾಕಿಕೊಳ್ಳುವ ಗೊರಬು ಹೆಣೆಯುವ ಜಟ್ಟಪ್ಪ ಎಂಬವನ ಮನೆಯ ಮುಂದೆ ಕಟ್ಟಿದರು. ಗಿಡ ಕುಡಿಯಿತು. ಕುಡಿದು ಕುಡಿದು ಊದಿಕೊಂಡಿತು. ಕೆಂಪು ಹೋಗಿ ಹಸುರಾಯಿತು, ಎಲೆಗಳು ಮಗುವಿನ ತೋಳಿನ ಹಾಗೆ ದಪ್ಪವಾದವು. ಆಮೇಲೆ ಹಳೆಯ ಬೇರು ಕೊಳೆಯಿತು. ಗುಜ್ಜವ್ವ ದಿನಾ ಹಪ್ಪಳ ಹರಡಿ, ನೂರು ಹೆಜ್ಜೆ ನಡೆದು, ಮದುಮಗಳಲ್ಲದಿದ್ದರೂ ಕೊಡೆ ಹಿಡಿದು, ಬಂದು ನೋಡುತ್ತಿದ್ದಳು. ಕೊಳೆತ ಬೇರನ್ನು ಅವಳೇ ಚಿವುಟಿ ತೆಗೆದಳು. ಎಂಟು ದಿನಕ್ಕೆ ಗಿಡದ ಕುತ್ತಿಗೆಯಿಂದ ಬೇರೊಂದು ಬೇರು, ಬಿಳೀದು, ಹೊರಗೆ ಬಂತು.

"ಏನವ್ವ, ನಿನ್ನ ಗಿಡಕ್ಕೆ ನಮ್ಮ ಮಳೆ ಒಗ್ಗಿಬಿಟ್ಟಿತಲ್ಲ," ಎಂದ ಜಟ್ಟಪ್ಪ. "ನಲವತ್ತು ವರ್ಷವಾಯಿತು, ನನಗೇ ಒಗ್ಗಲಿಲ್ಲ."

"ಒಗ್ಗದಿದ್ದರೆ ಚೆನ್ನಾಗಿತ್ತು ಜಟ್ಟಪ್ಪಣ್ಣ," ಎಂದು ಹೇಳಿ ಗುಜ್ಜವ್ವ ಗಿಡದ ಹತ್ತಿರ ಬಾಗಿದಳು. "ನೋಡು, ಒಂದೇ ಒಂದು ಸಲ ಗೊಣಗು. ಸುಳ್ಳಿಗಾದರೂ ಗೊಣಗು. ನಾನು ಇಷ್ಟು ವರ್ಷ ಸುಳ್ಳಿಗೇ ಗೊಣಗಿದ್ದು. ನಿಮ್ಮಪ್ಪ ಮಾಡಿದ ಬಾಗಿಲು ಹೋಗುತ್ತೆ."

ಗಿಡ ನೀರು ಸುರಿಸುತ್ತಾ ಅವಳನ್ನೇ ನೋಡಿತು. "ಇರಲಿ," ಎಂದಿತು.

ಮರುದಿನ ಬೆಳಿಗ್ಗೆ ಮಂತ್ರಿ ಬಂದಾಗ ಜಟ್ಟಪ್ಪ ಹೊಸ್ತಿಲಲ್ಲಿ ನಿಂತು ಬಾಯಿ ತೆರೆದ. ನಲವತ್ತು ವರ್ಷದಿಂದ ಹೇಳುತ್ತಿದ್ದ ಮಾತು ಬರಲಿಲ್ಲ. "ಇರಲಿ ಬಿಡಿ," ಎಂದು ಒಳಗೆ ಹೋದ. ಅವನ ಹೆಂಡತಿ ಗೊಣಗಬೇಕಾದವಳು ಅವನ ಮುಖ ನೋಡಿ ಮರೆತಳು.

ಮೂರನೆಯ ತಿಂಗಳು ಚಳಿಬೀದಿ. ಅಲ್ಲಿ ಕಂಬಳಿ ನೇಯುವ ಬೀರಜ್ಜನ ಮನೆಯ ಮುಂದೆ ಕಟ್ಟಿದರು. ಗಿಡ ಎಲೆಗಳನ್ನೆಲ್ಲ ಒಳಕ್ಕೆ ಎಳೆದುಕೊಂಡು ಮುಷ್ಟಿಯ ಹಾಗೆ ಮುದುಡಿತು. ಬಣ್ಣ ನೇರಳೆಗೆ ತಿರುಗಿತು.

ಬೀರಜ್ಜ ಮಗ್ಗದಿಂದ ಎದ್ದು ಬಂದ. "ಕಂಬಳಿ ಹೊದಿಸಲಾ ಮಗಾ?"

"ಇರಲಿ."

ಹೊದಿಸು ಅಂದಿತೋ ಬೇಡ ಅಂದಿತೋ ಬೀರಜ್ಜನಿಗೆ ತಿಳಿಯಲಿಲ್ಲ. ಅರ್ಧ ಹೊದಿಸಿದ. ಆ ಯೋಚನೆಯಲ್ಲಿ ಮರುದಿನ ಗೊಣಗಲು ಮರೆತ.

ತಿಂಗಳು ಮುಗಿಯುವ ಹೊತ್ತಿಗೆ ಅರಸ ಚಳಿಬೀದಿಗೆ ಬಂದು ನೋಡಿ ಗಾಬರಿಯಾದ. "ಕೆಂಪು ಗಿಡ ಎಲ್ಲಿ? ದಪ್ಪ ಹಸುರು ಗಿಡ ಎಲ್ಲಿ? ಇದು ಯಾರದು?"

"ಒಂದೇ ಗಿಡ ಬುದ್ಧಿ," ಎಂದಳು ಗುಜ್ಜವ್ವ.

"ಒಂದೇ ಆದರೆ ಒಂದೇ ತರಹ ಇರಬೇಕು. ಎರಡು ಗಿಡ ಗೊಣಗುವುದಕ್ಕೆ ಹೆದರಿ ಓಡಿಹೋಗಿವೆ. ಮಂತ್ರಿಗಳೇ, ಹುಡುಕಿಸಿ."

ಡಂಗುರ ಹೊಡೆಸಿದರು. ಕೆಂಪು ಸಪೂರ ಗಿಡ ಒಂದು, ದಪ್ಪ ಹಸುರು ಗಿಡ ಒಂದು ಕಂಡವರು ತಿಳಿಸಬೇಕು. ಯಾರೂ ತಿಳಿಸಲಿಲ್ಲ.

"ಬುದ್ಧಿ," ಎಂದಳು ಗುಜ್ಜವ್ವ, "ಮಳೆಬಾಗಿಲಿಗೆ ಬರುವಾಗ ನೀವು ಕೊಡೆ ಹಿಡಿಯುತ್ತೀರಿ. ಚಳಿಬಾಗಿಲಿಗೆ ಬರುವಾಗ ಶಾಲು ಹೊದೆಯುತ್ತೀರಿ. ಬಿಸಿಲಿಗೆ ಬಂದರೆ ಎರಡೂ ಇಲ್ಲ. ನೀವು ಎಷ್ಟು ಜನ?"

ಅರಸ ಅರಮನೆಗೆ ಹೋದ. ಆ ದಿನವೆಲ್ಲ ಕನ್ನಡಿಯ ಮುಂದೆ ಕೊಡೆ ಹಿಡಿದು ಒಮ್ಮೆ, ಶಾಲು ಹೊದೆದು ಒಮ್ಮೆ, ಬರಿಮೈಯಲ್ಲಿ ಒಮ್ಮೆ ನಿಂತು ನೋಡಿಕೊಂಡ. ಸಂಜೆ ಮಂತ್ರಿಯನ್ನು ಕರೆದು, "ಮೂವರಿಗೂ ಒಂದೇ ಊಟ ಸಾಕು," ಎಂದ.

ಇಷ್ಟರಲ್ಲಿ ಇನ್ನೊಂದು ತೊಂದರೆ ಶುರುವಾಗಿತ್ತು. ಜಟ್ಟಪ್ಪನ ಮಾತು ಮಳೆಬೀದಿಯವರ ಬಾಯಿಗೆಲ್ಲ ಹತ್ತಿಕೊಂಡಿತ್ತು. ಬೀರಜ್ಜನದು ಚಳಿಬೀದಿಗೆಲ್ಲ. ಮಂತ್ರಿ ಬೆಳಿಗ್ಗೆ ಹೋದರೆ, "ಇರಲಿ ಮಂತ್ರಿಗಳೇ," "ಇರಲಿ ಬಿಡಿ," "ಇರಲಿ, ಏನೀಗ." ಎಮ್ಮೆ ಕೂಡ ಬುಸುಗುಟ್ಟದೆ ಸುಮ್ಮನೆ ಮೆಲುಕು ಹಾಕುತ್ತಿತ್ತು. ಅರಸನಿಗೆ ಮೂರು ದಿನದಿಂದ ತಿಂಡಿ ಸೇರಿರಲಿಲ್ಲ.

ನಾಲ್ಕನೆಯ ದಿನ ಮಳೆಯೇ ಅರಮನೆಗೆ ಬಂತು. ಕಂಬಳಿ ಹೊದ್ದ ಮುದುಕನ ಹಾಗಿತ್ತು. ಸಭೆಯಲ್ಲಿ ಕೂತಿತು. ಕೂತ ಕಡೆ ಕೆಸರಾಯಿತು.

"ನನ್ನನ್ನು ಯಾರೂ ಬೈಯುತ್ತಿಲ್ಲ," ಎಂದಿತು ಮಳೆ. "ನಾನು ಬಂದಿದ್ದೇನೋ ಇಲ್ಲವೋ ನನಗೇ ಗೊತ್ತಾಗುತ್ತಿಲ್ಲ."

"ಬಂದಿದ್ದೀಯ," ಎಂದ ಅರಸ ಕಾಲು ಮೇಲೆತ್ತಿಕೊಂಡು.

"ನೀವು ಹೇಳಿದರೆ ಆಗಲಿಲ್ಲ. ಬೇಸರದಲ್ಲಿ ಹೇಳಬೇಕು."

ಅದರ ಹಿಂದೆಯೇ ಚಳಿ ಬಂತು. ಅದೂ ಅದನ್ನೇ ಹೇಳಿತು. ಬೇರೆ ಬೀದಿಯಲ್ಲಾದರೂ ಬೈಸಿಕೊಳ್ಳೋಣ ಎಂದು ಮಳೆ ಎದ್ದು ಬಿಸಿಲುಬೀದಿಗೆ ಹೋಯಿತು. ಜಾಗ ಹೋದ ಬಿಸಿಲು ಚಳಿಬೀದಿಗೆ ಹೋಯಿತು. ಚಳಿ ಮಳೆಬೀದಿಗೆ. ಬಿಸಿಲುಬೀದಿಯವರು ಅಭ್ಯಾಸಬಲದಿಂದ ಮಳೆಯಲ್ಲಿ ನೆನೆಯುತ್ತಾ, "ಏನು ಬಿಸಿಲೋ ಏನೋ," ಎಂದರು. ಮಳೆಗೆ ಅಳು ಬಂತು. ಇನ್ನೂ ಜೋರಾಗಿ ಸುರಿಯಿತು. ಗುಜ್ಜವ್ವನ ಹಪ್ಪಳವೆಲ್ಲ ಹಿಟ್ಟಾಗಿ ಚರಂಡಿಗೆ ಹೋಯಿತು. ಅವಳು ಖಾಲಿ ಚಾಪೆ ನೋಡುತ್ತಾ ನಿಂತಳು. ಬಾಗಿಲು ಹೋಗುವುದಕ್ಕೆ ಎರಡು ದಿನ ಉಳಿದಿತ್ತು.

"ಮಹಾಸ್ವಾಮಿ, ಒಂದು ಹೊಳೆಯಿತು," ಎಂದ ಮಂತ್ರಿ. "ಗಿಡ ತಲೆಕೆಳಗಾಗಿದೆ. ನಾವು ನೆಟ್ಟಗೆ ನಿಂತು ಕೇಳುತ್ತಿದ್ದೇವೆ. ಪ್ರಶ್ನೆ ಅದಕ್ಕೆ ತಲೆಕೆಳಗಾಗಿ ತಲುಪುತ್ತಿದೆ."

ಅದೂ ನಿಜ ಎನಿಸಿತು. ನಾಲ್ವರು ಆಳುಗಳು ಅರಸನ ಕಾಲು ಹಿಡಿದು ಗಿಡದ ಪಕ್ಕ ತಲೆಕೆಳಗಾಗಿ ಹಿಡಿದರು. ಕಿರೀಟ ಬಿತ್ತು. ಆಕಾಶ ಕೆಳಗೆ ಹೋಯಿತು, ನೆಲ ಮೇಲೆ ಬಂತು, ಮಂತ್ರಿಯ ಪೇಟ ಅವನ ಕಾಲಿನ ಕಡೆ ಹೋಯಿತು. ಎಲ್ಲವೂ ತಿರುಗಾಮುರುಗಾ ಕಂಡಿತು. ದೂರದಲ್ಲಿ ನಿಂತಿದ್ದ ಗುಜ್ಜವ್ವ ಮಾತ್ರ, ಯಾಕೋ, ಗುಜ್ಜವ್ವನ ಹಾಗೇ ಕಂಡಳು. ಅರಸನಿಗೆ ಇದು ಅರ್ಥವಾಗಲಿಲ್ಲ. ನನಗೂ ಆಗಿಲ್ಲ.

"ಹೇಗಿದೆ?" ಎಂದ ಅರಸ ಕೆಂಪು ಮುಖದಲ್ಲಿ.

"ಇರಲಿ," ಎಂದಿತು ಗಿಡ.

ಮೂರು ತಿಂಗಳು ಮುಗಿಯಿತು. ಆದರೆ ಅರಸನಿಗೆ ಸೋಲಲು ಮನಸ್ಸಿಲ್ಲ. ಅವನು ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ ಹೇಳಿದ: "ಬಿಸಿಲು ಕೊಟ್ಟೆವು, ಬಿಸಿಲಿಗೆ ತಕ್ಕ ಹಾಗಾಯಿತು. ಮಳೆ ಕೊಟ್ಟೆವು, ಮಳೆಗೆ ತಕ್ಕ ಹಾಗಾಯಿತು. ಚಳಿಗೂ ಹಾಗೇ. ಏನು ಕೊಟ್ಟರೂ ಅದಕ್ಕೆ ತಕ್ಕ ಹಾಗಾಗುತ್ತದೆ. ಏನೂ ಕೊಡದಿದ್ದರೆ ಯಾವುದಕ್ಕೆ ತಕ್ಕ ಹಾಗಾಗುತ್ತದೆ? ಇನ್ನು ಎಂಟು ದಿನ. ಒಳಕೋಣೆಯಲ್ಲಿ ಇಡಿ."

ಅರಮನೆಯ ನಡುವೆ ಒಂದು ಕೋಣೆ ಇತ್ತು. ಅದಕ್ಕೆ ಕಿಟಕಿ ಇಲ್ಲ. ಬಿಸಿಲಿಲ್ಲ, ಮಳೆ ಇಲ್ಲ, ಚಳಿ ಇಲ್ಲ. ಅಲ್ಲಿ ಹಾಯಾಗಿರುತ್ತದೆ ಎಂದು ಹೇಳುತ್ತಿದ್ದರು. ಹಾಯಾಗಿರುವ ಕಾರಣ ಯಾರೂ ಹೋಗುತ್ತಿರಲಿಲ್ಲ. ಅಲ್ಲಿ ಗಿಡ ಕಟ್ಟಿ ಬಾಗಿಲು ಹಾಕಿದರು.

ಗುಜ್ಜವ್ವ ಎಂದಿನಂತೆ ನೋಡಲು ಬಂದಳು. ಮಂತ್ರಿ ತಡೆದ. "ನಿನ್ನ ಸೆರಗಿನಲ್ಲಿ ಮಳೆ ಇದೆ ಗುಜ್ಜವ್ವ. ಒಳಗೆ ಹವೆ ಹೋಗಬಾರದು."

"ಹಿಂಡಿಕೊಂಡು ಬರುತ್ತೇನೆ."

"ಉಸಿರು ಬಿಡುತ್ತೀಯಲ್ಲ. ಅದೂ ಬಿಸಿ."

ಅವಳು ಕೋಣೆಯ ಬಾಗಿಲ ಹೊರಗೆ ಗೋಡೆಗೊರಗಿ ಕೂತಳು. ದಿನಾ ಬಂದು ಕೂತಳು. ಹಪ್ಪಳವಿಲ್ಲ, ಬೇರೆ ಕೆಲಸವಿಲ್ಲ. ಏಳನೆಯ ದಿನ ಮಳೆಯಲ್ಲಿ ನೆನೆದು ಅವಳ ಮೈ ಬಿಸಿಯಾಗಿ ಬರಲಾಗಲಿಲ್ಲ. ಎಂಟನೆಯ ದಿನ ಕಂಬಳಿ ಹೊದ್ದು ಮತ್ತೆ ಅರಮನೆಗೆ ಹೊರಡುವ ಹೊತ್ತಿಗೆ, ಅವಳ ಮನೆಯ ಮುಂದೆ ಬಡಗಿಗಳು ಬಂದು ಉಳಿ, ಸುತ್ತಿಗೆ ಹರಡಿಕೊಂಡು ಬಾಗಿಲ ಚೌಕಟ್ಟನ್ನು ತಟ್ಟಿ ನೋಡುತ್ತಿದ್ದರು. "ಒಳ್ಳೆಯ ಕೆಲಸಗಾರ," ಎಂದು ಅವರಲ್ಲೊಬ್ಬ ಹೇಳಿದ್ದು ಅವಳ ಕಿವಿಗೆ ಬಿತ್ತು. ತಿರುಗಿ ನೋಡದೆ ನಡೆದಳು.

ಅರಮನೆಯಲ್ಲಿ ಅರಸ, ಮಂತ್ರಿ, ಕೆಸರು ಮಾಡಿಕೊಂಡು ಮಳೆ, ಮೂಲೆಯಲ್ಲಿ ಚಳಿ, ಕಿಟಕಿಯಲ್ಲಿ ಬಿಸಿಲು, ಎಲ್ಲರೂ ಸೇರಿದ್ದರು. ಮಂತ್ರಿ ಗುಜ್ಜವ್ವನನ್ನು ಕಂಬದ ಹಿಂದೆ ನಿಲ್ಲಿಸಿ, ಕೋಣೆಯ ಬಾಗಿಲು ತೆಗೆದ.

ಗಿಡ ಕೆಂಪಾಗಿರಲಿಲ್ಲ, ಹಸುರಾಗಿರಲಿಲ್ಲ, ನೇರಳೆಯೂ ಅಲ್ಲ. ಬಿಳಿಚಿಕೊಂಡಿತ್ತು. ಕುತ್ತಿಗೆ ಉದ್ದವಾಗಿ, ಎಲೆಗಳೆಲ್ಲ ಒಂದೇ ಕಡೆಗೆ, ಬಾಗಿಲ ಸಂದಿಯ ಕಡೆಗೆ, ವಾಲಿದ್ದವು. ಸಂದಿಯಿಂದ ಬರುತ್ತಿದ್ದ ಒಂದು ಗೆರೆ ಬೆಳಕಿಗೋ, ಸಂದಿಯಾಚೆ ಕೂರುತ್ತಿದ್ದವಳಿಗೋ, ಯಾರಿಗೂ ಹೇಳಲಾಗಲಿಲ್ಲ.

"ಹೇಗಿದೆ?" ಎಂದ ಅರಸ.

ಗಿಡ ಸ್ವಲ್ಪ ತೂಗಿತು. ಮಂತ್ರಿ, "ಇರಲಿ ಅನ್ನುತ್ತದೆ," ಎಂದು ಪಿಸುಗುಟ್ಟಿದ.

"ನಿನ್ನೆಯೂ ಗುಜ್ಜವ್ವ ಬರಲಿಲ್ಲ," ಎಂದಿತು ಗಿಡ. "ಇವತ್ತೂ ಇನ್ನೂ ಬಂದಿಲ್ಲ. ಹೀಗಾದರೆ ಬದುಕುವುದು ಹೇಗೆ?"

ಮಳೆ ಎದ್ದು ನಿಂತಿತು. "ನೋಡಿ," ಎಂದಿತು, "ಗೊಣಗು ಅಂದರೆ ಹೀಗಿರಬೇಕು. ಎಷ್ಟು ದಿನವಾಗಿತ್ತು ಕೇಳಿ."

"ಗೊಣಗಿತು," ಎಂದ ಅರಸ. ಆಮೇಲೆ ಅವನ ಹುಬ್ಬು ಗಂಟಾಯಿತು. "ಆದರೆ ಗೊಣಗಿದ್ದು ಹವೆಯ ಮೇಲಲ್ಲ. ಗುಜ್ಜವ್ವನ ಮೇಲೆ. ಇದು ನಡೆಯುತ್ತದಾ?"

ಮಂತ್ರಿ ಬೆರಳು ಮಡಚುತ್ತಾ ಹೇಳಿದ: "ನಮ್ಮಲ್ಲಿ ಹವೆಯ ಮೇಲೆ ಬಿಟ್ಟು ಬೇರೆ ಯಾವುದರ ಮೇಲೂ ಗೊಣಗುವುದಿಲ್ಲ ಮಹಾಸ್ವಾಮಿ. ಇದು ಗೊಣಗಿದೆ, ಎಲ್ಲರೂ ಕೇಳಿದ್ದೇವೆ. ಗುಜ್ಜವ್ವನ ಮೇಲೆ ಗೊಣಗಿದೆ. ಆದ್ದರಿಂದ ಗುಜ್ಜವ್ವ ಒಂದು ಹವೆ."

"ನಾನು ಹವೆ ಅಲ್ಲ," ಎಂದು ಕಂಬದ ಹಿಂದಿನಿಂದ ಬಂದಳು ಗುಜ್ಜವ್ವ. "ಹಪ್ಪಳ ಮಾಡುವವಳು."

"ನಿನಗೆ ತಿಳಿಯುವುದಿಲ್ಲ," ಎಂದಿತು ಮಳೆ. "ನನಗೂ ತಿಳಿದಿರಲಿಲ್ಲ. ಜನ ಹೇಳಿದ ಮೇಲೆಯೇ ತಿಳಿದದ್ದು."

ಅರಸನ ಮುಖ ಅರಳಿತು. "ಹಾಗಾದರೆ ನನ್ನ ಹತ್ತಿರ ಈಗ ನಾಲ್ಕು ಹವೆ. ತಾತನ ಕಾಲದಲ್ಲೂ ಇರಲಿಲ್ಲ. ಗುಜ್ಜವ್ವ, ಇನ್ನು ನೀನು ನನ್ನವಳು."

"ಮಳೆ ನಿಮ್ಮದು ಅನ್ನುತ್ತೀರಲ್ಲ ಬುದ್ಧಿ, ನಿಲ್ಲು ಅಂದರೆ ನಿಲ್ಲುತ್ತಾ?"

"ಇಲ್ಲ."

"ಬಾ ಅಂದರೆ ಬರುತ್ತಾ?"

"ಇಲ್ಲ."

"ನಾನೂ ಹಾಗೇ," ಎಂದು ಹೇಳಿ ಗುಜ್ಜವ್ವ ಒಳಗೆ ಹೋಗಿ, ಸೆರಗಿನ ಮಳೆಯ ಸಮೇತ, ಗಿಡವನ್ನು ಬಿಚ್ಚಿ ಎದೆಗೆ ಒತ್ತಿಕೊಂಡು ಹೊರಟಳು. ಹವೆಯನ್ನು ತಡೆಯುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಮೂರು ಬಾಗಿಲೂ ತೆಗೆದು ನಿಂತರು.

ಮಳೆ, ಬಿಸಿಲು, ಚಳಿ ಅವಳ ಹಿಂದೆಯೇ ಹೊರಟು ತಮ್ಮ ತಮ್ಮ ಬೀದಿಗೆ ತಿರುಗಿಕೊಂಡವು. ಬಡಗಿಗಳು ಉಳಿ ಎತ್ತಿಟ್ಟುಕೊಂಡು ಹೋದರು. ಹೋಗುವ ಮುಂಚೆ ಸಡಿಲವಾಗಿದ್ದ ಒಂದು ಮೊಳೆ ಬಿಗಿಮಾಡಿದರಂತೆ. ಗುಜ್ಜವ್ವ ಗಿಡವನ್ನು ಮೊದಲಿನ ಹಾಗೇ, ಬೇರು ಮೇಲೆ ಎಲೆ ಕೆಳಗೆ, ಬಾಗಿಲ ನೆತ್ತಿಗೆ ಕಟ್ಟಿದಳು. ಹಿಟ್ಟು ಕುಟ್ಟಿದಳು. ಚಾಪೆ ಹಾಸಿದಳು. ಬಿಸಿಲು ಬಿತ್ತು.

ಮಂತ್ರಿ ಈಗಲೂ ದಿನಾ ಬೆಳಿಗ್ಗೆ ಬರುತ್ತಾನೆ. ಗುಜ್ಜವ್ವ ಗೊಣಗುವ ಹಾಗಿಲ್ಲ, ಹವೆ ಹವೆಯ ಮೇಲೆ ಗೊಣಗುವುದು ಎಲ್ಲೂ ಇಲ್ಲ. ಗಿಡವನ್ನು ಮಾತ್ರ ಕೇಳುತ್ತಾನೆ.

"ಹೇಗಿದೆ?"

"ಇವತ್ತು ಗುಜ್ಜವ್ವ ಸ್ವಲ್ಪ ಜಾಸ್ತಿ," ಎನ್ನುತ್ತದೆ ಲೋಳೆಸರ. "ಬೆಳಗಿನಿಂದ ಒಂದೇ ಸಮನೆ ಮಾತು."

ಒಳಗೆ ಹಪ್ಪಳ ಲಟ್ಟಿಸುತ್ತಿರುವ ಗುಜ್ಜವ್ವ ತಲೆ ಎತ್ತದೆ, "ಇರಲಿ," ಎನ್ನುತ್ತಾಳೆ.

ಈ ಕತೆಗೆ ಒಂದು ನೀತಿ ಇದೆ. ಲೋಳೆಸರವನ್ನು ಬಾಗಿಲಿಗೆ ಕಟ್ಟುವವರು ಮಂತ್ರಿಯ ಪೇಟಕ್ಕಿಂತ ಒಂದು ಗೇಣು ಮೇಲೆ ಕಟ್ಟಬೇಕು. ಇದಲ್ಲದೆ ಬೇರೆ ನೀತಿ ಇದ್ದರೆ ನನಗೆ ಗೊತ್ತಿಲ್ಲ.

ಅವರ ಹವೆ ಅವರ ಬೀದಿಯಲ್ಲಿ ಉಳಿಯಿತು. ಕತೆ ನನ್ನ ಬಾಯಿಂದ ನಿಮ್ಮ ಕಿವಿಗೆ ದಾಟಿತು. ಬಾಗಿಲ ಹತ್ತಿರ ಕೂತವರು ಯಾರಪ್ಪ, ಬಾಗಿಲನ್ನು ಸ್ವಲ್ಪ ಮುಂದೆ ಮಾಡಿ. ಏನು ಚಳಿಯೋ ಏನೋ.